ಮೂಗಿಗಿಂತ ಮೂಗುತಿ ಭಾರ

ನಮಗೆ ಪಾಠ ಮಾಡೋ ಒಬ್ಬ ಸರ್ ಅಟೆಂಡೆನ್ಸ್ ವಿಷಯದಲ್ಲಿ ತುಂಬಾ ಶಿಸ್ತು. 62 ಯುಎಸ್‌ಎನ್‌ಗಳನ್ನೂ ಒಂದೊಂದಾಗಿ ಕೂಗ್ತಾರೆ, ಪ್ರತಿ ಸಲ ತಲೆ ಎತ್ತಿ ಮುಖ ನೋಡ್ತಾರೆ, ಆಮೇಲೆ ಟಿಕ್ ಹಾಕ್ತಾರೆ. 55 ನಿಮಿಷದ ಕ್ಲಾಸಲ್ಲಿ ಒಂಬತ್ತು ನಿಮಿಷ ಇದಕ್ಕೇ ಹೋಯ್ತು. ಇನ್ನೊಬ್ಬರು ಮೇಡಂ ಒಂದು ಹಾಳೆ ಹರಿಬಿಡ್ತಾರೆ, ಪಾಠ ನಡೀತಾನೇ ಇರುತ್ತೆ, ಹಾಳೆ ಕೊನೇ ಬೆಂಚಿಗೆ ಹೋಗಿ ವಾಪಸ್ ಬರುತ್ತೆ. (ಆ ಹಾಳೆಯಲ್ಲಿ ಬಂಕ್ ಹೊಡೆದವರ ಸಹಿಯೂ ಇರುತ್ತೆ, ಅದು ಬೇರೆ ಮಾತು.) ಮೂರನೆಯವರು ಕ್ಲಾಸ್ ಮುಗಿಯೋ ಹೊತ್ತಿಗೆ ಮನಸ್ಸಿಗೆ ಬಂದ ಐದು ನಂಬರ್ ಕೂಗಿ ಸುಮ್ಮನಾಗ್ತಾರೆ. ಕೆಲಸ ಮೂವರದ್ದೂ ಒಂದೇ: ಯಾರಿದ್ದಾರೆ, ಯಾರಿಲ್ಲ ಅಂತ ನೋಡೋದು. ಖರ್ಚು ಮಾತ್ರ ಬೇರೆ ಬೇರೆ.

ಡೇಟಾಬೇಸ್‌ಗಳ ಲೋಕದಲ್ಲೂ ಇದೇ ಕಥೆ. ಯಾವ ಕ್ವೆರಿ ಎಷ್ಟು ಹೊತ್ತು ತಗೊಳ್ತಿದೆ ಅಂತ ಕಾಯೋಕೆ ಟೂಲ್‌ಗಳಿವೆ. ಆ ಕಾಯುವಿಕೆಗೇ ಸಿಪಿಯು ಬೇಕು, ಡಿಸ್ಕ್ ಬೇಕು, ಮೆಮೊರಿ ಬೇಕು. ಇದನ್ನ ಓವರ್‌ಹೆಡ್ ಅಂತಾರೆ. ಕನ್ನಡದಲ್ಲಿ ಏನಂತಾರೆ ಅಂತ ನಮ್ಮ ಕ್ಲಬ್ಬಿನ ಗ್ರೂಪಲ್ಲಿ ಕೇಳಿದಾಗ ಅರ್ಧ ಗಂಟೆ ಜಗಳ ಆಯ್ತು. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನವನು, ಕನ್ನಡ ಸೆಕೆಂಡ್ ಲ್ಯಾಂಗ್ವೇಜ್, ಹಾಗಾಗಿ ಆ ಜಗಳದಲ್ಲಿ ನನಗೆ ಓಟಿರಲಿಲ್ಲ. ಆದ್ರೆ ನಮ್ಮಜ್ಜಿ ಬಾಯಲ್ಲಿ ಕೇಳಿದ ಗಾದೆ ಒಂದಿದೆ, ಮೂಗಿಗಿಂತ ಮೂಗುತಿ ಭಾರ. ಇದಕ್ಕಿಂತ ಸರಿಯಾದ ಪದ ನನಗಂತೂ ಸಿಕ್ಕಿಲ್ಲ.

ಈ ವಿಷಯ ನನಗೆ ಗಂಟು ಬಿದ್ದಿದ್ದು ನಮ್ಮ ಹಾಸ್ಟೆಲ್ ಮೆಸ್ಸಿನಿಂದ. ಮೊದಲು ಮೆಸ್ಸಲ್ಲಿ ಕೂಪನ್ ಪುಸ್ತಕ ಇತ್ತು. ತಿಂಗಳ ಶುರುವಲ್ಲಿ ಪೂರ್ತಿ ದುಡ್ಡು ಕಟ್ಟಬೇಕು, ತಿಂದ್ರೂ ಸರಿ ಬಿಟ್ರೂ ಸರಿ, ತಿಂಗಳು ಮುಗಿದ ಮೇಲೆ ಉಳಿದ ಕೂಪನ್ ಕಸ. ಹೋದ ವರ್ಷ ಇಬ್ಬರು ಸೀನಿಯರ್‌ಗಳು ಸೇರಿ ಒಂದು ಆ್ಯಪ್ ಮಾಡಿದ್ರು. ಕೌಂಟರಲ್ಲಿ ಟ್ಯಾಬ್ ಮುಂದೆ ಕ್ಯೂಆರ್ ತೋರಿಸು, ಟಕ್ ಅಂತ ಸೌಂಡ್ ಬರುತ್ತೆ, ತಟ್ಟೆ ತಗೋ. ತಿಂದಷ್ಟಕ್ಕೆ ಮಾತ್ರ ದುಡ್ಡು. ನನಗೆ ಇದರಿಂದ ದೊಡ್ಡ ವ್ಯತ್ಯಾಸ ಏನೂ ಆಗ್ಲಿಲ್ಲ, ಮೂರು ಹೊತ್ತೂ ತಿನ್ನೋನು ನಾನು. ಆದ್ರೆ ನನ್ನ ರೂಮ್‌ಮೇಟ್ ರಾಯಚೂರು ಕಡೆಯವನು, ಸ್ಕಾಲರ್‌ಶಿಪ್ ದುಡ್ಡಲ್ಲೇ ನಡೆಸ್ತಾನೆ, ಅದೂ ಯಾವತ್ತೂ ಟೈಮಿಗೆ ಬರಲ್ಲ. ಅವನು ಬೆಳಗ್ಗೆ ತಿಂಡಿ ಬಿಟ್ಟು ಮಧ್ಯಾಹ್ನ ರಾತ್ರಿ ಎರಡೇ ಊಟ ಮಾಡೋದು. ಆ್ಯಪ್ ಬಂದ ಮೇಲೆ ತಿಂಗಳಿಗೆ ಸುಮಾರು ಒಂಬೈನೂರು ರೂಪಾಯಿ ಉಳಿಸ್ತಿದ್ದ.

ಈ ಸೆಮಿಸ್ಟರ್ ನಡುವಲ್ಲಿ ಆ್ಯಪ್ ಆಗಾಗ ನಿಧಾನ ಆಗೋಕೆ ಶುರುವಾಯ್ತು. ಸರ್ವರ್ ಅಂದ್ರೆ ಏನೋ ದೊಡ್ಡದಲ್ಲ. ಲ್ಯಾಬಿನ ಮೂಲೆಯಲ್ಲಿರೋ ಎರಡು ಕೋರಿನ ಹಳೇ ಡೆಸ್ಕ್‌ಟಾಪ್, ಅದರಲ್ಲಿ ಉಬುಂಟು, ಅದರ ಮೇಲೆ ಪೋಸ್ಟ್‌ಗ್ರೆಸ್. ಆ್ಯಪ್ ನೋಡ್ಕೊಳ್ತಿದ್ದ ಫೈನಲ್ ಇಯರ್ ಅಣ್ಣ ಕಾರಣ ಹುಡುಕೋಕೆ ಅಂತ ಆಟೋ ಎಕ್ಸ್‌ಪ್ಲೇನ್ ಅನ್ನೋ ಮಾಡ್ಯೂಲ್ ಆನ್ ಮಾಡಿದ್ರು. ಪೋಸ್ಟ್‌ಗ್ರೆಸ್ ಜೊತೆಗೇ ಬರುತ್ತೆ ಅದು. ನಿಧಾನವಾದ ಕ್ವೆರಿ ಸಿಕ್ಕಿದ ತಕ್ಷಣ ಅದರ ಪ್ಲಾನನ್ನ ಲಾಗಿಗೆ ಬರೆಯುತ್ತೆ. ಅಣ್ಣ ಕೊಟ್ಟ ಸೆಟ್ಟಿಂಗ್: 1 ಸೆಕೆಂಡಿಗಿಂತ ಜಾಸ್ತಿ ತಗೊಂಡಿದ್ದು ಮಾತ್ರ ಬರಿ, ಬರೆಯುವಾಗ ಅನಲೈಜ್ ಮಾಡಿದ ಪೂರ್ತಿ ವಿವರ ಬರಿ. ಓದಿದ್ರೆ ಎಷ್ಟು ಸಂಯಮದ ಸೆಟ್ಟಿಂಗ್ ಅನ್ಸುತ್ತೆ ಅಲ್ವಾ? ನಿಧಾನದ್ದು ಮಾತ್ರ ತಾನೇ ಬರೆಯೋದು.

ಮಾರನೇ ದಿನ ಬೆಳಗ್ಗೆಯಿಂದ ಪರಿಸ್ಥಿತಿ ಇನ್ನೂ ಕೆಟ್ಟಿತು. ಒಂದು ಸ್ಕ್ಯಾನಿಗೆ ನಾಲ್ಕೈದು ಸೆಕೆಂಡ್. ನಾನೂರು ಜನ ಒಂದು ಗಂಟೆ ಒಳಗೆ ತಿಂಡಿ ತಿಂದು ಎಂಟೂವರೆ ಕ್ಲಾಸಿಗೆ ಓಡಬೇಕು, ಕ್ಯೂ ಮೆಟ್ಟಿಲಿಳಿದು ಸೈಕಲ್ ಸ್ಟ್ಯಾಂಡ್ ತನಕ ಹೋಗಿತ್ತು. ಇಂಟರ್ನಲ್ಸ್ ಇದ್ದ ವಾರ ಬೇರೆ. ಮೂರನೇ ದಿನ ಮೆಸ್ ಮ್ಯಾನೇಜರ್ ಹೇಳಿದ್ರು, "ಸೋಮವಾರದೊಳಗೆ ಸರಿ ಮಾಡ್ಕೊಳ್ಳಿ, ಇಲ್ಲಾಂದ್ರೆ ನಾನು ಕೂಪನ್ ಪ್ರಿಂಟಿಗೆ ಕೊಡ್ತೀನಿ." ರೂಮಿಗೆ ಬಂದು ಹೇಳಿದ್ರೆ ರೂಮ್‌ಮೇಟ್ ಪುಸ್ತಕದಿಂದ ಕಣ್ಣು ಎತ್ತದೇ ಅಂದ, "ಕೂಪನ್ ಬಂತಂದ್ರ ನನ್ನ ರೊಕ್ಕ ಹೋತ್ ನೋಡಲೇ."

ಅಣ್ಣನಿಗೆ ಪ್ಲೇಸ್‌ಮೆಂಟ್ ಡ್ರೈವ್ ಇತ್ತು. ನಾನು ಆಗಷ್ಟೇ ಡಿಬಿಎಂಎಸ್ ಕೋರ್ಸ್ ಶುರು ಮಾಡಿದ್ದವನು, ಲ್ಯಾಬಿಗೆ ಹತ್ತಿರ ಇದ್ದೆ, ಅಷ್ಟೇ ಅರ್ಹತೆ. ಪಾಸ್‌ವರ್ಡ್ ಕೊಟ್ಟು "ಲಾಗ್ ನೋಡು, ಅದರಲ್ಲಿ ಎಲ್ಲಾ ಬಂದಿರುತ್ತೆ" ಅಂದ್ರು. ಲಾಗ್ ನೋಡಿದೆ. ಮೂರು ದಿನಕ್ಕೆ ಹನ್ನೊಂದು ಎಂಟ್ರಿ. ಅದರಲ್ಲೂ ಏಳು, ರಾತ್ರಿ ಬ್ಯಾಕಪ್ ಟೈಮಲ್ಲಿ ಬಂದಿದ್ದು. ಬೆಳಗ್ಗೆ ನಾನೂರು ಜನ ಒದ್ದಾಡಿದ ಒಂದು ಗಂಟೆಯಲ್ಲಿ ಲಾಗ್ ಹತ್ತಿರ ಹತ್ತಿರ ಖಾಲಿ. ಕಳ್ಳನ್ನ ಹಿಡಿಯೋಕೆ ನಿಲ್ಲಿಸಿದ ಕಾವಲುಗಾರ ಬಾಗಿಲಿಗೆ ಅಡ್ಡ ನಿಂತು ಎಲ್ಲರನ್ನೂ ತಡೀತಿದ್ದಾನೆ, ಕೇಳಿದ್ರೆ "ಕಳ್ಳ ಬಂದಿಲ್ಲ ಸಾರ್" ಅಂತಾನೆ.

ಉತ್ತರ ಪೋಸ್ಟ್‌ಗ್ರೆಸ್‌ನ ಡಾಕ್ಯುಮೆಂಟೇಶನ್‌ನಲ್ಲೇ ಇದೆ, ನೇರವಾಗಿ. ಅನಲೈಜ್ ಆನ್ ಇದ್ರೆ ಪ್ಲಾನಿನ ಪ್ರತಿ ಹಂತದ ಟೈಮಿಂಗ್ ಎಲ್ಲಾ ಕ್ವೆರಿಗಳಿಗೂ ನಡೆಯುತ್ತೆ, ಅದು ಲಾಗಿಗೆ ಬೀಳಲಿ ಬಿಡಲಿ. ಯೋಚಿಸಿದ್ರೆ ಇದು ಸಹಜ. ಒಂದು ಕ್ವೆರಿ 1 ಸೆಕೆಂಡ್ ದಾಟುತ್ತೋ ಇಲ್ವೋ ಅಂತ ಶುರುವಾಗುವಾಗ ಯಾರಿಗೆ ಗೊತ್ತು? ದಾಟಿದ ಮೇಲೆ ವಿವರ ಬೇಕು ಅಂದ್ರೆ ಮೊದಲಿನಿಂದಲೇ ಅಳೀತಾ ಬಂದಿರಬೇಕು. ಹಾಗಾಗಿ 1 ಸೆಕೆಂಡ್ ಅನ್ನೋ ಮಿತಿ ಬರೆಯೋ ಖರ್ಚನ್ನ ಮಾತ್ರ ಉಳಿಸುತ್ತೆ. ಅಳೆಯೋ ಖರ್ಚು ಪ್ರತಿಯೊಬ್ಬರ ತಲೆ ಮೇಲೂ ಬೀಳುತ್ತೆ.

ಅಳೆಯೋಕೆ ಅಂಥಾ ಏನು ಖರ್ಚು ಅಂತ ನನಗೂ ಅನ್ಸಿತ್ತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದ್ರೆ ಮಜಾ ಇರೋದೇ ಇಲ್ಲಿ. ಪೋಸ್ಟ್‌ಗ್ರೆಸ್ ಒಂದು ಕ್ವೆರಿಯನ್ನ ಮರದ ಹಾಗೆ ಕಟ್ಟುತ್ತೆ. ಕೆಳಗೆ ಟೇಬಲ್ ಓದೋ ಸ್ಕ್ಯಾನ್, ಅದರ ಮೇಲೆ ಜಾಯಿನ್, ಅದರ ಮೇಲೆ ಮೊತ್ತ ಹಾಕೋ ಅಗ್ರಿಗೇಟ್. ಮೇಲಿನದು ಕೆಳಗಿನದಕ್ಕೆ "ಒಂದು ರೋ ಕೊಡು" ಅನ್ನುತ್ತೆ, ಅದು ಕೊಡುತ್ತೆ, "ಇನ್ನೊಂದು ಕೊಡು" ಅನ್ನುತ್ತೆ. ಟೈಮಿಂಗ್ ಆನ್ ಇದ್ರೆ ಪ್ರತಿ ಸಲ ಕೇಳುವ ಮೊದಲು ಒಮ್ಮೆ ಗಡಿಯಾರ ನೋಡಬೇಕು, ಕೊಟ್ಟಾದ ಮೇಲೆ ಇನ್ನೊಮ್ಮೆ. ಒಂದು ಹಂತಕ್ಕೆ, ಒಂದು ರೋಗೆ, ಎರಡು ಸಲ.

ನಮ್ಮ ಮೆಸ್ಸಿನ ಅಡುಗೆಮನೆಯಲ್ಲಿ ಒಂದು ಟಿವಿ ಇದೆ. ಈ ಹೊತ್ತಿಗೆ ಎಷ್ಟು ಜನ ತಿಂದ್ರು, ಸೆಮಿಸ್ಟರ್ ಶುರುವಿನಿಂದ ಎಷ್ಟು ಊಟ, ಎಷ್ಟು ದುಡ್ಡು ಅಂತ ತೋರಿಸುತ್ತೆ. ನಾನೂರು ಜನ, ಮೂರು ಹೊತ್ತು, ಸುಮಾರು ನೂರು ದಿನ, ಅಂದ್ರೆ 1,20,000 ರೋಗಳು. ಅದನ್ನೆಲ್ಲ ರೇಟ್ ಟೇಬಲ್ ಜೊತೆ ಜಾಯಿನ್ ಮಾಡಿ ಕೂಡಬೇಕು. ಸ್ಕ್ಯಾನ್ ಒಂದು ಹಂತ, ಜಾಯಿನ್ ಒಂದು ಹಂತ, ತಲಾ ಎರಡು ಸಲ ಗಡಿಯಾರ. ಒಟ್ಟು 4,80,000 ಸಲ ಗಡಿಯಾರ ನೋಡೋದು, ಒಂದೇ ಒಂದು ಕ್ವೆರಿಗೆ.

ಒಂದು ಸಲ ಗಡಿಯಾರ ನೋಡೋಕೆ ಎಷ್ಟು ಹೊತ್ತು? ಇದು ಮಷೀನಿನ ಮೇಲೆ ಹೋಗುತ್ತೆ. ಲಿನಕ್ಸಿಗೆ ಟೈಮ್ ಕೊಡೋ ಮೂಲಗಳು ಹಲವು. ಈಗಿನ ಪ್ರೊಸೆಸರ್‌ಗಳಲ್ಲಿ ಟಿಎಸ್‌ಸಿ ಅಂತ ಒಳಗೇ ಒಂದು ಕೌಂಟರ್ ಇದೆ, ಅದನ್ನ ಓದೋಕೆ ಕರ್ನಲ್ ಬಾಗಿಲು ತಟ್ಟೋದೂ ಬೇಡ, ಕೆಲವು ಹತ್ತು ನ್ಯಾನೋಸೆಕೆಂಡ್ ಸಾಕು. ಆ ಕೌಂಟರ್ ಮೇಲೆ ಕರ್ನಲ್‌ಗೆ ನಂಬಿಕೆ ಹೋದ್ರೆ ಎಚ್‌ಪಿಇಟಿ ಅಥವಾ ಎಸಿಪಿಐ ಟೈಮರಿಗೆ ಇಳಿಯುತ್ತೆ. ಅವು ಪ್ರೊಸೆಸರಿನ ಹೊರಗಿರೋವು, ತುಂಬಾ ನಿಧಾನ. ಪೋಸ್ಟ್‌ಗ್ರೆಸ್ ಜೊತೆ ಪಿಜಿ ಟೆಸ್ಟ್ ಟೈಮಿಂಗ್ ಅಂತ ಪುಟ್ಟ ಪ್ರೋಗ್ರಾಂ ಬರುತ್ತೆ, ಇದನ್ನ ಅಳೆಯೋಕೇ ಅಂತ. ಅದರ ಡಾಕ್ಯುಮೆಂಟೇಶನ್‌ನಲ್ಲಿ ಒಂದು ಹಳೇ ಐ7 ಮಷೀನಿನ ಉದಾಹರಣೆ ಇತ್ತು. ಒಂದು ಲಕ್ಷ ರೋ ಎಣಿಸೋ ಕ್ವೆರಿ ಸುಮ್ಮನೆ ಓಡಿಸಿದ್ರೆ 9.8 ಮಿಲಿಸೆಕೆಂಡ್. ಅನಲೈಜ್ ಹಾಕಿದ್ರೆ 16.6. ಗಡಿಯಾರದ ಮೂಲವನ್ನ ಎಸಿಪಿಐಗೆ ಬದಲಿಸಿ ಅದೇ ಅನಲೈಜ್ ಓಡಿಸಿದ್ರೆ 115.9. ಕೆಲಸ ಅದೇ, ಉತ್ತರ ಅದೇ. ಹತ್ತು ಮಿಲಿಸೆಕೆಂಡ್ ಕೆಲಸಕ್ಕೆ ನೂರಕ್ಕೂ ಹೆಚ್ಚು ಮಿಲಿಸೆಕೆಂಡ್ ಗಡಿಯಾರ ನೋಡೋದೇ ಆಯ್ತು.

ನಮ್ಮ ಡೆಸ್ಕ್‌ಟಾಪ್ ಮೇಲೆ ಇದನ್ನ ಓಡಿಸಿದಾಗ ಒಂದು ಓದಿಗೆ 1 ಮೈಕ್ರೋಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬಂತು. ಕರ್ನಲ್ ಯಾವಾಗಲೋ ಟಿಎಸ್‌ಸಿ ಕೈಬಿಟ್ಟು ಎಚ್‌ಪಿಇಟಿ ಹಿಡಿದಿತ್ತು. ಈಗ ಗುಣಿಸಿ: 4,80,000 ಮೈಕ್ರೋಸೆಕೆಂಡ್ ಅಂದ್ರೆ ಅರ್ಧ ಸೆಕೆಂಡ್. ಟಿವಿ ಕ್ವೆರಿ ಮೊದಲು ಸುಮಾರು 90 ಮಿಲಿಸೆಕೆಂಡ್ ತಗೊಳ್ತಿತ್ತು, ಈಗ 0.6 ಸೆಕೆಂಡ್. ಈ ಡಬ್ಬಿ ಟಿವಿಯಲ್ಲಿ ಮಾತ್ರ ಅಲ್ಲ, ಕೌಂಟರಿನ ಎರಡೂ ಟ್ಯಾಬ್‌ಗಳ ಮೂಲೆಯಲ್ಲೂ ಇದೆ, ಎರಡೆರಡು ಸೆಕೆಂಡಿಗೆ ರಿಫ್ರೆಶ್ ಆಗುತ್ತೆ. ಎರಡು ಕೋರಿನಲ್ಲಿ ಒಂದು ಕೋರ್ ಹತ್ತಿರ ಹತ್ತಿರ ಪೂರ್ತಿ ಗಡಿಯಾರ ನೋಡೋದಕ್ಕೇ ಮೀಸಲು. ಉಳಿದ ಒಂದರಲ್ಲಿ ನಾನೂರು ಜನರ ತಿಂಡಿ. ಲಾಗ್ ಯಾಕೆ ಖಾಲಿ ಅಂತ ಈಗ ಗೊತ್ತಾಯ್ತಲ್ಲ? 0.6 ಸೆಕೆಂಡ್ 1 ಸೆಕೆಂಡಿಗಿಂತ ಕಮ್ಮಿ.

(ಇಂಥ ಜಾಗದಲ್ಲಿ ಎಲ್ಲರೂ ಹೈಸನ್‌ಬರ್ಗ್ ಹೆಸರು ತರ್ತಾರೆ. ಅನಿಶ್ಚಿತತೆಯ ತತ್ವ ಬೇರೆ, ನೋಡೋದರಿಂದ ನೋಡಿದ ವಸ್ತು ಬದಲಾಗೋದು ಬೇರೆ. ಮೊದಲ ಸೆಮ್ ಫಿಸಿಕ್ಸ್ ಪಾಸಾದವರು ಅಷ್ಟಾದ್ರೂ ಮರ್ಯಾದೆ ಕೊಡಬೇಕು.)

ಶುಕ್ರವಾರ ರಾತ್ರಿ ಹನ್ನೊಂದಕ್ಕೆ, ಮೆಸ್ ಮುಚ್ಚಿದ ಮೇಲೆ ಕೂತೆ. ಮೊದಲು ಮಾಡಿದ್ದು ಆಟೋ ಎಕ್ಸ್‌ಪ್ಲೇನ್‌ನಲ್ಲಿ ಟೈಮಿಂಗ್ ಮಾತ್ರ ಆಫ್. ಆಗ ಪ್ರತಿ ಹಂತದಲ್ಲಿ ಎಷ್ಟು ರೋ ಹೋದವು ಅನ್ನೋದು ಸಿಗುತ್ತೆ, ಎಷ್ಟು ಹೊತ್ತು ಅನ್ನೋದು ಸಿಗಲ್ಲ. ಬಹಳಷ್ಟು ಸಲ ರೋ ಲೆಕ್ಕವೇ ಸಾಕು, ಎಲ್ಲಿ ಹತ್ತು ರೋ ಬರುತ್ತೆ ಅಂದ್ಕೊಂಡಿದ್ದಕ್ಕೆ ಲಕ್ಷ ಬಂತು ಅಂತ ಅದರಲ್ಲೇ ಗೊತ್ತಾಗುತ್ತೆ. ಕ್ವೆರಿ ಮತ್ತೆ 100 ಮಿಲಿಸೆಕೆಂಡ್ ಆಸುಪಾಸಿಗೆ ಬಂತು. ಇನ್ನೊಂದು ದಾರಿ ಸ್ಯಾಂಪಲ್ ರೇಟ್. 0.01 ಅಂತ ಕೊಟ್ರೆ ನೂರಕ್ಕೊಂದು ಕ್ವೆರಿಯನ್ನ ಮಾತ್ರ ಹಿಡಿದು ಅಳೆಯುತ್ತೆ. ಯಾವುದನ್ನ ಹಿಡಿಯೋದು ಅಂತ ಶುರುವಲ್ಲೇ ತೀರ್ಮಾನ ಆಗೋದರಿಂದ ಉಳಿದ ತೊಂಬತ್ತೊಂಬತ್ತಕ್ಕೆ ಈ ಖರ್ಚಿಲ್ಲ. ಮೂರನೇದು ನನಗೆ ತುಂಬಾ ಇಷ್ಟ ಆಗಿದ್ದು: ಈ ಮಾಡ್ಯೂಲನ್ನ ಇಡೀ ಸರ್ವರಿಗೆ ಹಾಕೋದೇ ಬೇಡ, ನಮ್ಮ ಒಂದು ಸೆಶನ್‌ಗೆ ಮಾತ್ರ ಲೋಡ್ ಮಾಡ್ಕೊಂಡು ಅನುಮಾನ ಇರೋ ಕ್ವೆರಿ ಓಡಿಸಬಹುದು. ಸೆಶನ್ ಮುಚ್ಚಿದ್ರೆ ಮುಗೀತು.

ಗಡಿಯಾರವನ್ನ ಬಲವಂತವಾಗಿ ಟಿಎಸ್‌ಸಿಗೆ ಬದಲಾಯಿಸು ಅಂತ ಒಬ್ಬ ಕ್ಲಾಸ್‌ಮೇಟ್ ಹೇಳಿದ. ನಾನು ಒಪ್ಪಲಿಲ್ಲ. ಕರ್ನಲ್ ಅದನ್ನ ಸುಮ್ಮನೆ ಬಿಟ್ಟಿರಲ್ಲ, ಟೈಮ್ ಹಿಂದೆಮುಂದೆ ಆಗೋ ಮಷೀನಲ್ಲಿ ಊಟದ ಲೆಕ್ಕ ಇಡೋದು ಯಾರಿಗೆ ಬೇಕು.

ಆದ್ರೆ ಇಷ್ಟರಲ್ಲಿ ಮೂಗುತಿ ಇಳಿಸಿದ್ವಿ ಅಷ್ಟೇ. ಮೊದಲೇ ಇದ್ದ ಮೂಗಿನ ನೋವು ಹಾಗೇ ಇದೆ. ಟೂಲ್ ಹಾಕೋ ಮುಂಚೆ ಆ್ಯಪ್ ಆಗಾಗ ಯಾಕೆ ನಿಧಾನ ಆಗ್ತಿತ್ತು? ಅದಕ್ಕೆ ಹಾಕಿದ್ದು ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್. ಇದೂ ಪೋಸ್ಟ್‌ಗ್ರೆಸ್ ಜೊತೆಗೇ ಬರೋದು, ಸ್ವಭಾವ ಮಾತ್ರ ಬೇರೆ. ರೋ ರೋಗೆ ಗಡಿಯಾರ ನೋಡಲ್ಲ, ಕ್ವೆರಿ ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ. ಪ್ರತಿಯೊಂದನ್ನೂ ಡಿಸ್ಕಿಗೆ ಬರೆಯಲ್ಲ, ಮೆಮೊರಿಯಲ್ಲಿ ಒಂದು ಪಟ್ಟಿ ಇಟ್ಕೊಂಡು ಎಷ್ಟು ಸಲ, ಒಟ್ಟು ಎಷ್ಟು ಹೊತ್ತು ಅಂತ ಕೂಡ್ತಾ ಹೋಗುತ್ತೆ. ಯುಎಸ್‌ಎನ್ ಬೇರೆ ಬೇರೆ ಇದ್ರೂ ಒಂದೇ ರೂಪದ ಕ್ವೆರಿಗಳನ್ನ ಒಂದೇ ಸಾಲಿಗೆ ಸೇರಿಸುತ್ತೆ. ಇದಕ್ಕೆ ಸರ್ವರ್ ಒಮ್ಮೆ ರೀಸ್ಟಾರ್ಟ್ ಆಗಲೇಬೇಕು, ಅದನ್ನೂ ಆ ರಾತ್ರಿಯೇ ಮಾಡಿದ್ದು.

ಶನಿವಾರ ರಾತ್ರಿ ಪಟ್ಟಿಯನ್ನ ಒಟ್ಟು ಸಮಯದ ಮೇಲೆ ಸಾರ್ಟ್ ಮಾಡಿದೆ. ಮೊದಲನೇ ಸಾಲು ಟಿವಿ ಕ್ವೆರಿ. ಎರಡನೇ ಸಾಲು ಎಷ್ಟೋ ಕೆಳಗೆ. ಎರಡು ಸೆಕೆಂಡಿಗೊಂದು ಅಂದ್ರೆ ಒಂದು ಸ್ಕ್ರೀನಿಗೆ ದಿನಕ್ಕೆ 43,200, ಮೂರು ಸ್ಕ್ರೀನಿಗೆ 1,29,600. ಒಂದೊಂದೂ 90 ಮಿಲಿಸೆಕೆಂಡ್ ಅಂದ್ರೂ ದಿನಕ್ಕೆ ಮೂರು ಗಂಟೆ ಮೇಲೆ ಸಿಪಿಯು. ರಾತ್ರಿ ಎರಡು ಗಂಟೆಗೂ, ಮೆಸ್ಸಿಗೆ ಬೀಗ ಹಾಕಿದ್ರೂ, ಖಾಲಿ ಅಡುಗೆಮನೆಗೆ ಟಿವಿ ಲೆಕ್ಕ ಒಪ್ಪಿಸ್ತಾನೇ ಇತ್ತು. ಸೆಮಿಸ್ಟರ್ ಮುಂದೆ ಹೋದ ಹಾಗೆ ರೋ ಜಾಸ್ತಿ, ಅದಕ್ಕೇ ನಡುವಲ್ಲಿ ನಿಧಾನ ಶುರುವಾಗಿದ್ದು.

ನಿಧಾನದ ಕ್ವೆರಿಗಳನ್ನ ಮಾತ್ರ ಹಿಡಿಯೋ ಯಾವ ಲಾಗೂ ಇದನ್ನ ಹಿಡೀತಿರಲಿಲ್ಲ, ಎಷ್ಟು ವರ್ಷ ಆನ್ ಇಟ್ರೂ. ನಮ್ಮ ಲ್ಯಾಬಲ್ಲಿ ಬಳಸೋ ಮೈಎಸ್‌ಕ್ಯುಎಲ್‌ನಲ್ಲಿ ಸ್ಲೋ ಲಾಗಿನ ಡೀಫಾಲ್ಟ್ ಮಿತಿ 10 ಸೆಕೆಂಡ್. ನಮ್ಮ ಟಿವಿ ಆ ಜಾಗದಲ್ಲಿ ಇದ್ದಿದ್ರೆ ಮಹಾ ಸಾಧು ಅಂತ ಸರ್ಟಿಫಿಕೇಟ್ ಸಿಗ್ತಿತ್ತು. ಹಾಗಂತ ಮಿತಿಯನ್ನ ಸೊನ್ನೆಗೆ ಇಳಿಸಿದ್ರೆ ಪ್ರತಿ ಕ್ವೆರಿಯೂ ಡಿಸ್ಕಿಗೆ, ದಿನಕ್ಕೆ ಲಕ್ಷಗಟ್ಟಲೆ ಸಾಲು, ಅದೂ ಡೇಟಾ ಇರೋ ಅದೇ ಹಾರ್ಡ್ ಡಿಸ್ಕಿಗೆ.

ಈ ಎರಡರ ನಡುವೆ ಒಂದು ಒಳ್ಳೆ ಜಾಗ ಇದೆ. ಪೋಸ್ಟ್‌ಗ್ರೆಸ್ 13ರಿಂದ ಎರಡು ಮಿತಿ ಇಡಬಹುದು. ತೀರಾ ನಿಧಾನ ಆದದ್ದನ್ನ ಒಂದೂ ಬಿಡದೆ ಬರಿ, ಮಧ್ಯಮದ್ದರಲ್ಲಿ ನೂರಕ್ಕೊಂದು ಬರಿ. ಐದು ನಂಬರ್ ಕೂಗೋ ನಮ್ಮ ಮೂರನೇ ಸರ್ ಪದ್ಧತಿ ಇದೇ, ಜೊತೆಗೆ ಮೂರು ವಾರ ಮುಖ ತೋರಿಸದವನನ್ನ ಮಾತ್ರ ಹೆಸರು ಹಿಡಿದು ಕರೆಯೋದು. ಇಲ್ಲಿ ಗಡಿಯಾರದ ಖರ್ಚು ಕ್ವೆರಿಗೆ ಒಂದೇ ಸಲ ಅನ್ನೋದನ್ನ ಮರೀಬೇಡಿ. ಮಿತಿ ಅಂದ್ರೆ ಎಲ್ಲಾ ಕಡೆ ಒಂದೇ ಅರ್ಥ ಅಲ್ಲ, ಯಾವ ಖರ್ಚಿನ ಮಿತಿ ಅಂತ ಕೇಳಬೇಕು.

ಅಗ್ಗದ ಟೂಲ್ ಅಂದ ಮಾತ್ರಕ್ಕೆ ಪುಕ್ಕಟೆ ಅಲ್ಲ. ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಪಟ್ಟಿಯಲ್ಲಿ ಡೀಫಾಲ್ಟ್ ಆಗಿ 5,000 ಜಾಗ. ಅದಕ್ಕಿಂತ ಜಾಸ್ತಿ ರೂಪದ ಕ್ವೆರಿ ಬಂದ್ರೆ ಕಡಿಮೆ ಓಡಿದವನ್ನ ಎಸೀತಾ ಹೋಗುತ್ತೆ, ಎಸೆಯೋ ಕೆಲಸಕ್ಕೂ ಖರ್ಚಿದೆ. ಪ್ಲಾನ್ ಮಾಡೋ ಸಮಯವನ್ನೂ ಲೆಕ್ಕ ಇಡೋ ಆಯ್ಕೆ ಇದೆ, ಅದನ್ನ ಬೇಕಂತಲೇ ಡೀಫಾಲ್ಟಲ್ಲಿ ಆಫ್ ಇಟ್ಟಿದ್ದಾರೆ. ನೂರಾರು ಕನೆಕ್ಷನ್‌ಗಳು ಒಂದೇ ರೂಪದ ಕ್ವೆರಿ ಓಡಿಸ್ತಾ ಇದ್ರೆ ಎಲ್ಲರೂ ಪಟ್ಟಿಯ ಅದೇ ಸಾಲನ್ನ ತಿದ್ದೋಕೆ ನೂಕಾಡ್ತಾರೆ. ಒಂದೇ ರಿಜಿಸ್ಟರ್, ಒಂದೇ ಪೆನ್ನು, ಹಾಸ್ಟೆಲ್ ಗೇಟಲ್ಲಿ ಭಾನುವಾರ ರಾತ್ರಿ ಒಂಬತ್ತೂಮುಕ್ಕಾಲು. ಡಿಸ್ಕ್ ಓದೋ ಸಮಯ ಅಳೆಯೋ ಆಯ್ಕೆಯೂ ಅದೇ ಗಡಿಯಾರದ ಕಾರಣಕ್ಕೆ ಆಫ್. ಮೈಎಸ್‌ಕ್ಯುಎಲ್‌ನವರ ಪರ್ಫಾರ್ಮೆನ್ಸ್ ಸ್ಕೀಮಾ 5.6.6ರಿಂದ ಡೀಫಾಲ್ಟ್ ಆಗಿ ಆನ್ ಇರುತ್ತೆ, ಆದ್ರೆ ಒಳಗಿನ ಅಳತೆಗಳನ್ನ ಒಂದೊಂದಾಗಿ ಆನ್ ಆಫ್ ಮಾಡೋಕೆ ಬಿಟ್ಟಿದ್ದಾರೆ. ಎಲ್ಲವನ್ನೂ ಆನ್ ಮಾಡೋನು ಅನುಭವಿಸ್ತಾನೆ.

ಇನ್ನೊಂದು ಖರ್ಚು ಇದೆ, ಅದು ಮಿಲಿಸೆಕೆಂಡಲ್ಲಿ ಬರಲ್ಲ. ಆ ಖಾಲಿ ಲಾಗಿನ ಹನ್ನೊಂದು ಎಂಟ್ರಿ ಓದುವಾಗ ಅದರಲ್ಲಿ ಯುಎಸ್‌ಎನ್‌ಗಳು ಹಾಗೇ ಇದ್ದವು. ಯಾರ ಬಾಕಿ ಕೇಳಿದ್ದು, ಯಾವ ತಾರೀಖಿಂದ. ಆ ಫೈಲ್ ಇರೋ ಮಷೀನು ಎಲ್ಲರೂ ಓಡಾಡೋ ಲ್ಯಾಬಲ್ಲಿದೆ. ಬೆಳಗ್ಗೆ ತಿಂಡಿ ಯಾರು ತಿನ್ನಲ್ಲ ಅಂತ ಅಲ್ಲಿ ಕೂತು ಯಾರು ಬೇಕಾದ್ರೂ ಓದಬಹುದಿತ್ತು. ನನ್ನ ರೂಮ್‌ಮೇಟ್ "ನಂಗ ಮುಂಜಾನೆ ಹಸಿವಾಗಂಗಿಲ್ಲ" ಅಂತ ಎಲ್ಲರಿಗೂ ಹೇಳ್ಕೊಂಡು ಬಂದಿದ್ದಾನೆ. ಸಂಖ್ಯೆಗಳನ್ನ ತೆಗೆದು ರೂಪ ಮಾತ್ರ ಇಟ್ಕೊಳ್ಳೋ ಟೂಲ್ ನನಗೆ ಇಷ್ಟ ಆಗೋಕೆ ಇದೂ ಒಂದು ಕಾರಣ. ಹಳೇ ಲಾಗ್ ಫೈಲುಗಳನ್ನ ಅಣ್ಣನ್ನ ಕೇಳಿ ಅಳಿಸಿದೆ.

ಟಿವಿಗೆ ಮಾಡಿದ ಮದ್ದು ದೊಡ್ಡದೇನಲ್ಲ. ದಿನದ ಕೊನೆಗೆ ಆ ದಿನದ ಮೊತ್ತ ಒಂದು ಪುಟ್ಟ ಟೇಬಲ್ಲಿಗೆ, ಸೆಮಿಸ್ಟರ್ ಮೊತ್ತ ಅಲ್ಲಿಂದ, ಇವತ್ತಿನದು ಮಾತ್ರ ಲೈವ್. ರಿಫ್ರೆಶ್ ಎರಡರ ಬದಲು ಮೂವತ್ತು ಸೆಕೆಂಡ್. ಅಡುಗೆಯವರನ್ನ ಕೇಳಿದ್ರೆ "ಅದನ್ನ ಯಾರಪ್ಪ ನೋಡ್ತಾರೆ, ದೋಸೆ ಹುಯ್ಯೋದು ಬಿಟ್ಟು" ಅಂದ್ರು.

ಹೊಸ ಟೂಲ್ ಇರೋದರಿಂದ ಎಷ್ಟು ನಷ್ಟ ಅಂತಾನೂ ಅಳೆದೆ, ಇಲ್ಲಾಂದ್ರೆ ಮತ್ತದೇ ಕಥೆ. ಭಾನುವಾರ ಮಧ್ಯಾಹ್ನ ಡೇಟಾದ ಒಂದು ಕಾಪಿ ಮೇಲೆ, ಬೆಳಗಿನ ತಿಂಡಿ ಹೊತ್ತಿನ ಕ್ವೆರಿಗಳನ್ನ ಪಿಜಿಬೆಂಚ್‌ಗೆ ಸ್ಕ್ರಿಪ್ಟಾಗಿ ಕೊಟ್ಟು, ಒಮ್ಮೆ ಟೂಲ್ ಹಾಕಿ, ಒಮ್ಮೆ ತೆಗೆದು, ಹೀಗೆ ಅದಲುಬದಲಾಗಿ ಹತ್ತು ಸಲ. ಎಲ್ಲಾ "ಹಾಕಿದ್ದು" ಮೊದಲು, ಎಲ್ಲಾ "ತೆಗೆದದ್ದು" ಆಮೇಲೆ ಮಾಡಿದ್ರೆ ಮಷೀನ್ ಬಿಸಿಯಾಗಿದ್ದು, ಕ್ಯಾಶ್ ತುಂಬಿದ್ದು ಎಲ್ಲಾ ಲೆಕ್ಕದಲ್ಲಿ ಸೇರಿಹೋಗುತ್ತೆ. ಒಂದೇ ಸೆಟ್ಟಿಂಗಿನ ಎರಡು ಓಟದ ನಡುವಿನ ವ್ಯತ್ಯಾಸ, ಟೂಲ್ ಇದ್ದು ಇಲ್ಲದ್ದರ ವ್ಯತ್ಯಾಸಕ್ಕಿಂತ ದೊಡ್ಡದಿತ್ತು. ಅಂದ್ರೆ ನಮ್ಮ ಲೋಡಿಗೆ ಅದರ ಭಾರ ಕಾಣಿಸದಷ್ಟು ಸಣ್ಣದು. ಸರಾಸರಿ ಮಾತ್ರ ನೋಡ್ಲಿಲ್ಲ, ನೂರರಲ್ಲಿ ತೀರಾ ನಿಧಾನದ ಒಂದನ್ನೂ ನೋಡಿದೆ. ಕ್ಯೂನಲ್ಲಿ ನಿಂತವನಿಗೆ ತಾಗೋದು ಅದೇ.

ಅಣ್ಣನಿಗೂ ನನಗೂ ಇನ್ನೂ ಒಂದು ಭಿನ್ನಾಭಿಪ್ರಾಯ ಇದೆ. ಅವರ ಪ್ರಕಾರ ಎಲ್ಲಾ ಸರಿ ಹೋದ ಮೇಲೆ ಮಾನಿಟರಿಂಗನ್ನೇ ತೆಗೆದುಬಿಡಬೇಕು. ನನ್ನ ಪ್ರಕಾರ ಅಗ್ಗದ್ದು ಯಾವಾಗಲೂ ಆನ್ ಇರಲಿ, ದುಬಾರಿಯದ್ದು ಕೈಯಲ್ಲಿ ಸಮಯ ಹಿಡಿದು ಹತ್ತು ನಿಮಿಷಕ್ಕೆ ಆನ್ ಆಗಲಿ. ಸದ್ಯಕ್ಕೆ ಪಾಸ್‌ವರ್ಡ್ ನನ್ನ ಹತ್ತಿರ ಇರೋದರಿಂದ ನನ್ನ ಮಾತು ನಡೀತಿದೆ.

ಸೋಮವಾರ ಕ್ಯೂ ಮೆಟ್ಟಿಲಿನ ಮೇಲೇ ನಿಂತಿತು. ಮ್ಯಾನೇಜರ್ ಏನೂ ಹೇಳಲಿಲ್ಲ, ಕೂಪನ್ ಪ್ರಿಂಟಿಗೂ ಕೊಡಲಿಲ್ಲ. ಮುಂದಿನ ಸೆಮ್‌ಗೆ ಹೊಸ ಬ್ಲಾಕ್ ಶುರುವಾಗುತ್ತೆ, ಇನ್ನೂ ಇನ್ನೂರೈವತ್ತು ಜನ ಬರ್ತಾರೆ, ಮಷೀನ್ ಮಾತ್ರ ಅದೇ ಎರಡು ಕೋರ್. ಪಟ್ಟಿಯ ಎರಡನೇ ಸಾಲಲ್ಲಿ ಬಾಕಿ ಲೆಕ್ಕದ ಕ್ವೆರಿ ಕೂತಿದೆ, ರಜೆಯಲ್ಲಿ ಅದನ್ನ ನೋಡಬೇಕು.